ದಕ್ಷಿಣದ ಕುರ್ಚಿ

ನಮ್ಮೂರಿನ ಬ್ರಿಜ್ ಕ್ಲಬ್ಬಿಗೆ ಹೊಸಬರನ್ನು ಸೇರಿಸುವುದು ಕಷ್ಟ. ಆಟ ಕಷ್ಟವೆಂದಲ್ಲ. ಅಲ್ಲಿ ಒಂದು ಕುರ್ಚಿ ಖಾಲಿ ಇದೆಯೆಂದರೆ ಅದರಲ್ಲಿ ಕೂರುತ್ತಿದ್ದವರು ತೀರಿಕೊಂಡಿದ್ದಾರೆ ಎಂದರ್ಥ. ತೀರಿಕೊಂಡವರ ಜಾಗದಲ್ಲಿ ಕೂತವರಿಗೆ ಉಳಿಕೆ ಬರುತ್ತದೆ.

ಉಳಿಕೆ ದೊಡ್ಡದೇನಲ್ಲ. ಸತ್ತವರ ಒಂದು ಅಭ್ಯಾಸ, ಅಷ್ಟೆ. ಹಳೆಯ ಪೋಸ್ಟ್ ಮಾಸ್ಟರರು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದು ಈಗ ಫೋಟೋ ಸ್ಟುಡಿಯೋದವನ ಎಳೆಯ ಹೆಂಡತಿಯಲ್ಲಿದೆ. ನನ್ನ ಅತ್ತೆ, ಮನೆಯಿಂದ ಹೊರಡುವಾಗ, ಬಾಗಿಲುವಾಡವನ್ನು ಮೆಲ್ಲಗೆ ತಟ್ಟುತ್ತಿದ್ದರು. ಅದು ದಿನವೂ ನಮ್ಮ ಹೊಸ್ತಿಲಲ್ಲಿ ನಿಲ್ಲುವ ಹಾಲಿನವನಿಗೆ ಹೋಯಿತು. ಅವನೀಗ ಬೀದಿಯ ಎಲ್ಲ ಮನೆಗಳ ಬಾಗಿಲುವಾಡವನ್ನೂ ತಟ್ಟುತ್ತಾನೆ. ನಾವು ಪದ್ಧತಿಯ ಪ್ರಕಾರ ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಅವನ ಮನೆಗೆ ಹೋದೆವು. "ಇಟ್ಕೊಳಪ್ಪ" ಎಂದು ಅಚ್ಯುತ ಹೇಳಿದ. ಹಾಗೆ ಹೇಳಿದ ಮೇಲೆ ಉಳಿಕೆ ಬಂದವರದೇ. ಸತ್ತವರ ಮನೆಯವರು ಅದನ್ನು ಮತ್ತೆ ಕೇಳುವಂತಿಲ್ಲ, ತಮ್ಮದೆನ್ನುವಂತೆಯೂ ಇಲ್ಲ. ಹೇಳುವ ತನಕ ಮಾತ್ರ ಅದು ಗಟ್ಟಿಯಲ್ಲ. ಬಂದವರು ಆ ಜಾಗವನ್ನು ಬಿಟ್ಟರೆ ಸ್ವಲ್ಪ ಸ್ವಲ್ಪವಾಗಿ ಅಳಿಸಿಹೋಗುತ್ತದೆ. ಆಮೇಲೆ ಇನ್ನಾರಿಗೂ ಬರುವುದಿಲ್ಲ.

ಅಚ್ಯುತ ನನ್ನ ಗಂಡ. ಮೆದುಳಿನ ನರ ಒಡೆದು ಸತ್ತ. ಮೂವತ್ತಾರು ವರ್ಷ. ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಬೆಳಿಗ್ಗೆ ಇದ್ದ, ಊಟದ ಹೊತ್ತಿಗೆ ಇರಲಿಲ್ಲ.

ಅವನು ವಾರಕ್ಕೆರಡು ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದ. ಹಳೆಯ ಸುಂಕದ ಕಚೇರಿಯ ಮಹಡಿಯ ಮೇಲೆ ಕ್ಲಬ್ಬು. ಒಂದು ಕಾಲಕ್ಕೆ ಅಲ್ಲಿ ಕೂರಲು ಜಾಗವಿರುತ್ತಿರಲಿಲ್ಲವಂತೆ. ಅವನು ಹೋಗುವ ಕಾಲಕ್ಕೆ ಎರಡು ಟೇಬಲ್ ಉಳಿದಿದ್ದವು, ಅವನು ಸತ್ತ ಮೇಲೆ ಒಂದು. ಬ್ರಿಜ್ ಟೇಬಲ್ಲಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ವರು. ಎದುರುಬದುರು ಕೂತವರು ಜೋಡಿ. ಅಚ್ಯುತ ದಕ್ಷಿಣ. ಅವನ ಎದುರಿಗೆ, ಉತ್ತರದಲ್ಲಿ, ಸುಗುಣಾಬಾಯಿ. ಆಕೆ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದವರು. ಈಗ ಎಪ್ಪತ್ತು ದಾಟಿದೆ. ಮನೆಯಲ್ಲಿ ಅಚ್ಯುತನ ಬಾಯಲ್ಲಿ ಆಕೆಯ ಹೆಸರು ಅಷ್ಟಾಗಿ ಬರುತ್ತಿರಲಿಲ್ಲ. ಯಾರ ಹೆಸರೂ ಬರುತ್ತಿರಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ನಾನೂ ಹಾಗೇ. ನಮ್ಮ ಮನೆ ಅಚ್ಚುಕಟ್ಟಾಗಿತ್ತು.

ಅವನು ಹೋದ ಮೇಲೆ ನಾನು ಬ್ರಿಜ್ ಕಲಿತೆ. ನಾನು ಸಂಖ್ಯಾಶಾಸ್ತ್ರ ಓದಿದವಳು, ಊರಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಪುಸ್ತಕ ತಂದು, ಐವತ್ತೆರಡು ಎಲೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕಲಿತೆ. ನಂತರ ಕ್ಲಬ್ಬಿಗೆ ಹೋಗಿ ದಕ್ಷಿಣದ ಕುರ್ಚಿಯಲ್ಲಿ ಕೂತೆ. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಏನೂ ಬರಲಿಲ್ಲ. ಅವನ ಅಭ್ಯಾಸಗಳೆಲ್ಲ ನನಗೆ ಬಾಯಿಪಾಠ. ಓದುವಾಗ ಕಿವಿಯ ಹಾಲೆಯನ್ನು ಮಡಚುತ್ತಿದ್ದ. ಚಪ್ಪಲಿ ಹಾಕಿಕೊಳ್ಳುವ ಮೊದಲು ಗೋಡೆಗೆ ಬಡಿಯುತ್ತಿದ್ದ. ಇವುಗಳಲ್ಲಿ ಯಾವುದಾದರೂ ಒಂದು ನನ್ನ ಕೈಗೆ ಬಂದೀತೆಂದು ಕಾದೆ. ಒಂದು ಮಳೆಗಾಲ ಮುಗಿದು ಚಳಿಗಾಲವೂ ಮುಗಿಯಿತು. ನನ್ನ ಕೈ ನನ್ನದಾಗಿಯೇ ಉಳಿಯಿತು.

"ಬರ್ಲಿ ಬರ್ಲಿ ಅಂತ ಕೂತ್ಕೊಂಡೋರಿಗೆ ಬರಲ್ಲ ಕಣೇ ಹೈಮಾ" ಎಂದರು ಸುಗುಣಾಬಾಯಿ. "ನಮ್ಮ ಯಜಮಾನರ ಆರಾಮಕುರ್ಚೀಲಿ ನಾನು ಸೊಂಟ ಹೋಗೋ ತನಕ ಕೂತಿದ್ದೆ. ಕೊನೆಗೆ ಯಾರಿಗೆ ಬಂತು? ಕರೆಂಟ್ ಬಿಲ್ ಕೊಡೋಕೆ ಬಂದೋನು ಒಂದು ಗಳಿಗೆ ಕೂತ. ಅವರ ಆಕಳಿಕೆ ಎತ್ಕೊಂಡು ಹೋದ."

"ಹಾಗಾದ್ರೆ ನಾನು ಏಳಬೇಕಾ?"

"ಏಳು ಅಂತ ನಾನು ಹೇಳಲ್ಲ. ಆದ್ರೆ ನೀನು ಕೂತ್ರೆ ಅದು ಬೇರೆಯೋರಿಗೂ ಬರಲ್ಲ."

ಆಕೆ ನನ್ನ ಕಡೆ ನೋಡದೆ ಎಲೆಗಳನ್ನು ಕಲಸಿದರು. ಆಕೆಗೂ ಏನೋ ಬೇಕಾಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಕ್ಲಬ್ಬಿನ ಅಧ್ಯಕ್ಷರು ಕಮಲಾಕ್ಷರಾಯರು. ನೀರು ಸರಬರಾಜು ಇಲಾಖೆಯಲ್ಲಿದ್ದು ನಿವೃತ್ತರಾದವರು. ಟೇಬಲ್ಲಿನಲ್ಲಿ ಪೂರ್ವ ಅವರದು. ಅವರೆದುರು ಪಶ್ಚಿಮದಲ್ಲಿ ಆಡುತ್ತಿದ್ದ ಹಳಬರು ಚಳಿಗಾಲ ಮುಗಿಯುವ ಹೊತ್ತಿಗೆ ಬರುವುದನ್ನು ಬಿಟ್ಟರು. ಹೊಸ ಸದಸ್ಯರನ್ನು ತರುವ ಕೆಲಸವನ್ನು ಅವರು ನನಗೆ ವಹಿಸಿದರು. "ನಿಮ್ಮನ್ನ ಕಂಡ್ರೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ" ಎಂದರು. ವಿಧವೆಯಾದ್ದರಿಂದ ಎಂದು ಬಿಡಿಸಿ ಹೇಳಲಿಲ್ಲ. ಊರಿನವರು ಬರುವುದಿಲ್ಲವಾದ್ದರಿಂದ ಹೊರಗಿನಿಂದ ವರ್ಗವಾಗಿ ಬಂದವರನ್ನು ಹಿಡಿಯಬೇಕು. ಹಿಡಿದವರನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಅದಕ್ಕೆ ರಾಯರದೇ ಒಂದು ಕ್ರಮವಿತ್ತು. ಮೊದಲ ತಿಂಗಳು ಚಂದಾ ಇಲ್ಲ. ಹೊಸಬರು ತಪ್ಪಾಡಿದರೆ ಗದರುವಂತಿಲ್ಲ. ಕುರ್ಚಿ ಯಾರದಾಗಿತ್ತೆಂದು ಹೇಳುವಂತೆಯೂ ಇಲ್ಲ. "ಆಟದ ರುಚಿ ಹತ್ತಲಿ. ಆಮೇಲೆ ಹೇಳಿದ್ರೆ ಯಾರೂ ಓಡಲ್ಲ. ತುರುಪು ಎಣಿಸೋಕೆ ಕಲಿತ ಮನುಷ್ಯ ಯಮ ಬಂದ್ರೂ ಈ ಕೈ ಮುಗಿಸ್ತೀನಿ ತಡಿ ಅಂತಾನೆ."

ಸೈಕಲ್ ಅಂಗಡಿಯ ಮೇಲೆ ಹಲ್ಲಿನ ಆಸ್ಪತ್ರೆ ತೆರೆದ ಡಾಕ್ಟರು ಒಂಟಿಯೆಂದು ಕೇಳಿದ್ದೆ. ಹಲ್ಲು ನೋವಿನ ನೆಪ ಮಾಡಿಕೊಂಡು ಹೋದೆ. ನನಗಿಂತ ಚಿಕ್ಕವಳು. ಹೆಸರು ಶಾಲ್ಮಲಾ. ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡು ಮಾತಾಡುತ್ತಲೇ ಇದ್ದಳು.

"ಹಲ್ಲೇನೂ ಕೆಟ್ಟಿಲ್ಲ. ಇಷ್ಟು ನೀಟಾಗಿ ಹಲ್ಲು ಇಟ್ಕೊಂಡೋರನ್ನ ನಾನು ನೋಡೇ ಇಲ್ಲ. ನಿಮಗೆ ನೋವು ಎಲ್ಲಿ? ಇಲ್ಲಾ? ಹಾಗಾದ್ರೆ ಯಾಕೆ ಬಂದ್ರಿ?"

ಕನ್ನಡಿ ತೆಗೆದ ಮೇಲೆ ಹೇಳಿದೆ. ಅವಳು ನಕ್ಕಳು.

"ಇಸ್ಪೀಟಾ? ನಮ್ಮಮ್ಮನಿಗೆ ಗೊತ್ತಾದ್ರೆ ಬೈತಾರೆ. ಸಂಜೆ ಆರಕ್ಕೆ ಈ ಊರಲ್ಲಿ ನನ್ನ ಜೊತೆ ಮಾತಾಡೋದು ಕೆಳಗಿನ ಅಂಗಡಿಯ ಗಾಳಿ ಪಂಪು ಒಂದೇ. ಬರ್ತೀನಿ."

ಅವಳು ಬಂದಳು. ನಾನು ದಕ್ಷಿಣದಿಂದ ಎದ್ದು ಪಶ್ಚಿಮಕ್ಕೆ, ರಾಯರ ಎದುರಿಗೆ ಹೋದೆ. ಹೊಸಬರನ್ನು ಆ ಕುರ್ಚಿಯಲ್ಲಿ ಕೂರಿಸುವುದು ನನ್ನ ಕೆಲಸವಾಗಿತ್ತು, ಕೂರಿಸಿದೆ. ಬಂದರೆ ಕಿವಿ ಮಡಚುವುದು ಬರಬಹುದು. ವಾರಕ್ಕೆರಡು ಸಲ ಪಕ್ಕದಲ್ಲಿ ಕೂತು ನೋಡಬಹುದು ಎಂಬ ಲೆಕ್ಕವೂ ನನ್ನೊಳಗಿತ್ತು.

ಶಾಲ್ಮಲಾ ಕೆಟ್ಟದಾಗಿ ಆಡುತ್ತಿದ್ದಳು, ಜೋರಾಗಿ ಆಡುತ್ತಿದ್ದಳು. ಸುಗುಣಾಬಾಯಿಗೆ ವಯಸ್ಸಿನಿಂದ ಮರೆವು. ಇಬ್ಬರೂ ಸೇರಿ ಪ್ರತಿ ಸಂಜೆ ಸೋಲುತ್ತಿದ್ದರು. ಶಾಲ್ಮಲಾಗೆ ಸಿಟ್ಟು ಬೇಗ. "ಅಯ್ಯೋ ಅಜ್ಜೀ, ಆ ರಾಣೀನ ಯಾಕೆ ಬಿಸಾಕಿದ್ರಿ, ಅದು ನಿಮ್ಮನ್ನೇನು ಮಾಡಿತ್ತು?" ಎನ್ನುತ್ತಿದ್ದಳು. ಸುಗುಣಾಬಾಯಿ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು. ರಾಯರು ನನ್ನ ಕಡೆ ನೋಡುತ್ತಿದ್ದರು: ಇವಳನ್ನು ಉಳಿಸಿಕೊಂಡರೆ ಅಜ್ಜಿ ಹೋಗುತ್ತಾರೇನೋ ಎಂಬಂತೆ.

ಬೇಸಿಗೆಯ ಒಂದು ಸಂಜೆ ಸುಗುಣಾಬಾಯಿ ಮತ್ತೆ ತಪ್ಪಿದರು. ಗೆಲ್ಲುವ ಆಟೀನ್ ಎಕ್ಕ ಕೈಯಲ್ಲಿದ್ದರೂ ಮರೆತು ಯಾವುದೋ ಸಣ್ಣ ಎಲೆ ಹಾಕಿದರು. ಗೆದ್ದ ಕೈ ಸೋತುಹೋಯಿತು. ಶಾಲ್ಮಲಾ ಬಾಯಿ ತೆರೆದಳು. ಮಾತು ಬರಲಿಲ್ಲ. ಅವಳ ಎಡಗೈ ಪಕ್ಕಕ್ಕೆ ಹೋಗಿ, ಅವಳು ಇನ್ನೂ ಮುಟ್ಟದಿದ್ದ ಚಹಾದ ಕಪ್ಪನ್ನು ಎರಡು ಬೆರಳುಗಳ ಹಿಂಬದಿಯಿಂದ ಮೆಲ್ಲಗೆ ತಳ್ಳಿತು. ಕಪ್ಪು ಮೇಜಿನ ನಡುವೆ ಹಾದು ಸುಗುಣಾಬಾಯಿಯ ಮುಂದೆ ಹೋಗಿ ನಿಂತಿತು. ಆಮೇಲೆ ಆ ಬೆರಳುಗಳು ಕಪ್ಪನ್ನು ಅಷ್ಟಿಷ್ಟೇ ತಿರುಗಿಸಿದವು, ಹಿಡಿ ಆಕೆಯ ಬಲಗೈಗೆ ಸಿಗುವ ಹಾಗೆ.

ರಾಯರು ಎತ್ತಿದ ಎಲೆಯನ್ನು ಹಾಗೇ ಹಿಡಿದು ಕೂತರು. ಸುಗುಣಾಬಾಯಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರು ತುಂಬಿತು.

"ಏನಾಯ್ತು?" ಎಂದೆ ನಾನು.

ಶಾಲ್ಮಲಾ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ರಾಯರು ತಗ್ಗಿದ ದನಿಯಲ್ಲಿ ಕೇಳಿದರು: "ಹೈಮಾ, ನಿಮಗೆ ಗೊತ್ತಾಗ್ಲಿಲ್ವಾ?"

ನನಗೆ ಗೊತ್ತಾಗಿರಲಿಲ್ಲ. ಆ ಕೈಚಲನೆಯನ್ನು ನಾನು ನೋಡಿಯೇ ಇರಲಿಲ್ಲ. ಕ್ಲಬ್ಬಿನ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ಚಹಾ ತರುವವನಿಗೂ ಗೊತ್ತಿತ್ತು. ಅವನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅಚ್ಯುತ ವರ್ಷಗಟ್ಟಲೆ, ಸುಗುಣಾಬಾಯಿ ತಪ್ಪಿದಾಗಲೆಲ್ಲ, ಒಂದು ಮಾತೂ ಆಡದೆ ತನ್ನ ಚಹಾವನ್ನು ಆಕೆಗೆ ಕೊಟ್ಟು, ಹಿಡಿಯನ್ನು ಆಕೆಯ ಕಡೆ ತಿರುಗಿಸಿದ್ದ. ಇದನ್ನು ಅವನ ಹೆಂಡತಿಗೆ ಬೇರೆಯವರು ಹೇಳಬೇಕಾಯಿತು.

ಅಂದು ಮನೆಗೆ ಬಂದು ಪಾತ್ರೆಗಳ ಕಪಾಟು ತೆರೆದೆ. ನಾವು ಚಹಾ ಕುಡಿಯುತ್ತಿದ್ದುದು ಸ್ಟೀಲ್ ಲೋಟದಲ್ಲಿ. ಲೋಟಕ್ಕೆ ಹಿಡಿ ಇರುವುದಿಲ್ಲ.

ಅಚ್ಯುತ ಸತ್ತ ಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಜನ ಅದನ್ನು ಧೈರ್ಯ ಎಂದರು. ಈಗ ಅನ್ನಿಸತೊಡಗಿತು, ಆದರೆ ಅನ್ನಿಸಿದ್ದು ದುಃಖವಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಬಳಕೆಯ ಮಾತೆಂದುಕೊಂಡಿದ್ದೆ. ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ; ಪಕ್ಕೆಲುಬಿನ ಕೆಳಗೆ, ಎಡಕ್ಕೆ. ಪಾಠ ಮಾಡುವಾಗಲೂ ಇರುತ್ತಿತ್ತು. ಶಾಲ್ಮಲಾಳ ಬೆರಳುಗಳ ಮೇಲೆ ಹೊಟ್ಟೆಕಿಚ್ಚು, ಸುಗುಣಾಬಾಯಿಯ ಮರೆವಿನ ಮೇಲೆ ಹೊಟ್ಟೆಕಿಚ್ಚು. ಆ ಬಿರುಕುಬಿಟ್ಟ ಕಪ್ಪುಗಳ ಮೇಲೂ.

ಕ್ಲಬ್ಬಿನಲ್ಲಿ ಹಬ್ಬದ ಹಾಗಾಯಿತು. ಬಿಟ್ಟುಹೋಗಿದ್ದ ಹಳೆಯ ಸದಸ್ಯರು ಮಹಡಿ ಹತ್ತಿ ಬಂದು ನಿಂತು ನೋಡಿದರು. ಎರಡನೆಯ ಟೇಬಲ್ಲಿನ ಧೂಳು ಒರೆಸಲಾಯಿತು. ಸುಗುಣಾಬಾಯಿ ಹಗುರಾಗಿಬಿಟ್ಟರು, ಹಾಯಾಗಿ ತಪ್ಪಾಡಿದರು. ಪ್ರತಿ ತಪ್ಪಿಗೂ ಕಪ್ಪು ಬಂತು. ಶಾಲ್ಮಲಾ ಗದರುವುದನ್ನು ಬಿಟ್ಟಿದ್ದಳು. ನಾನು ಪಶ್ಚಿಮದಲ್ಲಿ ಕೂತು, ಒಂದು ಎಲೆಯನ್ನೂ ತಪ್ಪದೆ ಆಡಿದೆ.

"ತಾಂಬೂಲ ಯಾವಾಗ?" ಎಂದು ರಾಯರು ಕೇಳಿದರು. "ಪಾಪ, ಆ ಹುಡುಗಿಗೆ ಹೇಳ್ಬೇಕು, ನೀವು ಇಟ್ಕೊಳ್ಳಿ ಅನ್ಬೇಕು. ಆಗ ಗಟ್ಟಿಯಾಗುತ್ತೆ. ಅವಳೂ ಇಲ್ಲೇ ಉಳೀತಾಳೆ."

"ನೋಡೋಣ" ಎಂದೆ.

"ನಿಧಾನ ಮಾಡ್ಬೇಡಿ. ಅದು ಕೈ ಜಾರಿದ್ರೆ ಯಾರಿಗೂ ಇಲ್ಲ."

ಯಾರಿಗೂ ಇಲ್ಲ ಎಂಬುದು ನನ್ನ ಮನಸ್ಸಿನಲ್ಲಿ ನಿಂತಿತು. ನನಗೆ ಬಾರದ್ದು ಯಾರಿಗೂ ಇಲ್ಲದಿದ್ದರೆ ಲೆಕ್ಕ ಸರಿಹೋಗುತ್ತದೆ.

ಮರುದಿನ ಕಾಲೇಜು ಮುಗಿಸಿ ಹಲ್ಲಿನ ಆಸ್ಪತ್ರೆಗೆ ಹೋದೆ. ಎಲೆ ಅಡಿಕೆ ಒಯ್ಯಲಿಲ್ಲ. ಎಲ್ಲವನ್ನೂ ಹೇಳಿದೆ. ಆ ಕುರ್ಚಿ ನನ್ನ ಗಂಡನದು, ಆ ಕೈ ಅವನದು, ನಿಮಗೆ ಹೇಳದೆ ಕೂರಿಸಿದೆವು, ಇಂಥ ಮೋಸದ ಜಾಗದಲ್ಲಿ ನೀವು ಇರಬೇಕಾಗಿಲ್ಲ. ನ್ಯಾಯದ ಮಾತಿನ ಹಾಗೆ ಹೇಳಿದೆ. ಅವಳು ಹೆದರಿ ಬಿಟ್ಟುಬಿಡುತ್ತಾಳೆಂದು ನನ್ನ ಅಂದಾಜು.

ಶಾಲ್ಮಲಾ ಹೆದರಲಿಲ್ಲ. ಕೈಯಲ್ಲಿದ್ದ ಉಪಕರಣವನ್ನು ಟ್ರೇಯಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು.

"ಅಂದ್ರೆ ಅದು ನಂದಲ್ವಾ?"

"ಅಲ್ಲ."

"ಇಲ್ಲೂ ಹಾಗೇ ಆಗುತ್ತೆ, ಗೊತ್ತಾ? ಮೊನ್ನೆ ಒಬ್ಬರು ಬಾಯಿ ಮುಕ್ಕಳಿಸೋವಾಗ ನೀರೆಲ್ಲ ನನ್ನ ಮೇಲೆ ಚೆಲ್ಲಿದ್ರು. ಮುಂಚೆಯಾಗಿದ್ರೆ ಬೈತಿದ್ದೆ. ನನ್ನ ಚಹಾ ಅವರಿಗೆ ಕೊಟ್ಬಿಟ್ಟೆ." ಕೈಗವಸು ಕಳಚಿದಳು. "ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದ್ದೆ ಹೈಮಾ ಅವ್ರೇ. ಈ ಊರಿಗೆ ಬಂದ್ಮೇಲೆ ನಾನು ಒಂದು ಚೂರು ಒಳ್ಳೆಯೋಳಾಗಿದೀನಿ ಅಂತ. ಅಮ್ಮ ನಂಬಲಿಲ್ಲ. ನಂಬದೇ ಇದ್ದದ್ದೇ ಸರಿ."

ನಾನು ಹೊರಡಲು ಎದ್ದೆ.

"ಮನೇಲೂ ಹೀಗೇ ಇದ್ರಾ ಅವರು?"

"ಹೌದು" ಎಂದೆ. "ದಿನಾ."

ಶಾಲ್ಮಲಾ ಕ್ಲಬ್ಬಿಗೆ ಬರುವುದನ್ನು ನಿಲ್ಲಿಸಿದಳು. ಮೂವರಿಂದ ಬ್ರಿಜ್ ಆಗುವುದಿಲ್ಲ. ನೋಡಲು ಬಂದಿದ್ದ ಹಳಬರು ಒಬ್ಬೊಬ್ಬರಾಗಿ ಹಿಂತಿರುಗಿದರು. ರಾಯರು ಕಿಟಕಿಯ ಬಳಿ ಕೂತು ಒಬ್ಬರೇ ಆಡುವ ಪೇಶನ್ಸ್ ಆಟ ಹಾಕಿಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ನನ್ನ ಲೆಕ್ಕ ಸರಿಹೋಗಿತ್ತು. ಪಕ್ಕೆಲುಬಿನ ಕೆಳಗಿನದು ಮಾತ್ರ ಹೋಗಲಿಲ್ಲ.

ಒಂದು ಭಾನುವಾರ ಸುಗುಣಾಬಾಯಿ ನಮ್ಮ ಮನೆಗೆ ಬಂದರು. ಮೊದಲ ಸಲ ಬಂದದ್ದು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಲೋಟದಲ್ಲಿ ನೀರು ಕೊಟ್ಟೆ. ಕುಡಿಯಲಿಲ್ಲ.

"ನೀನೇ ಹೇಳಿದ್ಯಂತೆ ಆ ಹುಡುಗಿಗೆ."

"ಹೇಳ್ಬೇಕಾಗಿತ್ತು. ಮುಚ್ಚಿಡೋದು ತಪ್ಪು."

"ಹೌದೌದು. ಸತ್ಯ ಹೇಳೋಕೆ ಹೋದೋಳು ತಾಂಬೂಲ ಯಾಕೆ ತಗೊಂಡು ಹೋಗಲಿಲ್ಲ?" ಆಕೆ ಕುರ್ಚಿಯ ಅಂಚಿನಲ್ಲಿ ಕೂತರು. "ನೋಡು ಹೈಮಾ, ನಾನು ಮೇಷ್ಟ್ರಾಗಿದ್ದೋಳು, ಹುಡುಗೀರು ಒಬ್ಬರ ದಾರ ಒಬ್ಬರು ಕತ್ತರಿಸೋದು ನಂಗೆ ಗೊತ್ತಾಗುತ್ತೆ."

"ನಿಮಗೇನು ಕಷ್ಟ ಸುಗುಣಾಬಾಯಿ? ಗಂಡನ್ನ ಕಳ್ಕೊಂಡೋಳು ನಾನು."

ಹೀಗೆ ನಾನು ಯಾರ ಹತ್ತಿರವೂ ಮಾತಾಡಿದವಳಲ್ಲ. ಆಕೆ ಸಿಟ್ಟಾಗಲಿಲ್ಲ.

"ನೀನೇ. ಊರೆಲ್ಲ ಬಂತು ನಿನ್ನ ಮನೆಗೆ. ನಾನೂ ಬಂದೆ, ಬೀದೀಲಿ ನಿಂತು ಹೋದೆ. ಪಾರ್ಟನರ್ ಸತ್ತೋರ ಮನೆಗೆ ಯಾರೂ ಬರಲ್ಲ ಕಣೆ. ಅದಕ್ಕೆ ಸೂತಕ ಇಲ್ಲ, ತಿಥಿ ಇಲ್ಲ." ಕನ್ನಡಕ ತೆಗೆದು ಒರೆಸಿದರು. "ನನ್ನ ಮರೆವು ಶುರುವಾದಾಗ ಮನೇಲಿ ಮಗ ಸೊಸೆ ರೇಗಿದ್ರು. ಡಾಕ್ಟ್ರು ರೇಗಿದ್ರು. ಒಬ್ಬನೇ ಒಬ್ಬ ಏನೂ ಅನ್ಲಿಲ್ಲ. ಅವನು ಹೋದ್ಮೇಲೆ ನಂಗೆ ಎಲೆ ಮುಟ್ಟೋಕೆ ಭಯವಾಗಿತ್ತು. ಆ ಹುಡುಗಿ ಕೈಯಿಂದ ತಿರುಗಿ ಬಂತು. ನೀನು ಅದನ್ನೂ ಓಡಿಸ್ದೆ. ನೀನು ನಂಗೆ ಅವನನ್ನ ಎರಡು ಸಲ ಸಾಯಿಸ್ದೆ."

"ಅವನು ನನಗೆ ಅದನ್ನ ಯಾವತ್ತೂ ಮಾಡಲಿಲ್ಲ" ಎಂದೆ. ಇಷ್ಟು ಗಟ್ಟಿಯಾಗಿ ಹೇಳುವೆನೆಂದು ಎಣಿಸಿರಲಿಲ್ಲ.

ಸುಗುಣಾಬಾಯಿ ನನ್ನ ಮನೆಯನ್ನು ಸುತ್ತ ನೋಡಿದರು. ಎತ್ತರದ ಪ್ರಕಾರ ಜೋಡಿಸಿದ ಪುಸ್ತಕಗಳು, ಚೌಕವಾಗಿ ಮಡಚಿದ ಟವೆಲ್ಲು. ಏನೋ ಹೇಳಲು ಹೊರಟು ನುಂಗಿಕೊಂಡರು.

"ಕರ್ಕೊಂಡು ಬಾ ಅವಳನ್ನ" ಎಂದಷ್ಟೇ ಹೇಳಿ ಎದ್ದರು.

ನಾನು ತಕ್ಷಣ ಹೋಗಲಿಲ್ಲ. ಕರೆತಂದರೆ ಮತ್ತೆ ಪಶ್ಚಿಮದಲ್ಲಿ ಕೂತು ನೋಡಬೇಕು. ಕರೆತರದಿದ್ದರೆ ನೋಡಲೂ ಇರುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ಎಂದು ಅಳೆಯುತ್ತಾ ಕೆಲವು ದಿನ ಕಳೆದೆ. ನನ್ನ ಶಾಸ್ತ್ರದಲ್ಲಿ ಅದಕ್ಕೆ ಅಳತೆಗೋಲಿಲ್ಲ.

ಕೊನೆಗೆ ಹೋದಾಗ ಶಾಲ್ಮಲಾ ಚಹಾ ಕುಡಿಯಲು ಕೂತಿದ್ದಳು. ನನಗೂ ಒಂದು ಕಪ್ಪು ತರಿಸಿದಳು. ನಾನು ಕೂರುವಾಗ ಮೊಣಕೈ ತಾಗಿ ಅವಳ ಟ್ರೇ ಕೆಳಗೆ ಬಿತ್ತು; ಸಣ್ಣ ಸಣ್ಣ ಉಪಕರಣಗಳೆಲ್ಲ ನೆಲದ ಮೇಲೆ ಹರಡಿದವು. ಅವಳ ಎಡಗೈ ಕಪ್ಪಿನ ಕಡೆ ಹೋಯಿತು. ಬೆರಳು ತಾಗಿತು. ತಳ್ಳಲಿಲ್ಲ. ಅಲ್ಲೇ ನಿಂತಿತು.

"ಹೀಗೇ ಆಗ್ತಿದೆ" ಎಂದಳು. "ಅರ್ಧಕ್ಕೆ ನಿಲ್ಲುತ್ತೆ. ಹೋದ ವಾರ ಹಿಡಿ ತಿರುಗ್ತಿರಲಿಲ್ಲ. ಈಗ ಕಪ್ಪೇ ಸರಿಯಲ್ಲ. ಇನ್ನೊಂದು ವಾರಕ್ಕೆ ನೀವು ನಿಶ್ಚಿಂತೆಯಾಗಿರಬಹುದು."

"ಕ್ಲಬ್ಬಿಗೆ ಬನ್ನಿ ಡಾಕ್ಟ್ರೇ" ಎಂದೆ.

"ಯಾಕೆ? ಬೇರೆಯೋರ ಗಂಡನ ಕೈ ಇಟ್ಕೊಂಡು ನಾನೇನು ಮಾಡಲಿ? ನೀವು ಪಕ್ಕದಲ್ಲಿ ಕೂತು ನೋಡೋ ನೋಟ ನಂಗೆ ಗೊತ್ತಾಗ್ತಿರಲಿಲ್ಲ ಅಂದ್ಕೊಂಡ್ರಾ? ಕೆನ್ನೆ ಸುಡುತ್ತಿತ್ತು."

ನೆಲದಲ್ಲಿ ಕೂತು ಉಪಕರಣಗಳನ್ನು ಆರಿಸತೊಡಗಿದೆ. ಅವಳೂ ಬಂದು ಪಕ್ಕದಲ್ಲಿ ಕೂತಳು.

"ಒಂದು ಮಾತು" ಎಂದಳು. "ಬರ್ತೀನಿ. ನನ್ನ ಎದುರಿಗೆ ನೀವು ಕೂರಬೇಕು. ಪಕ್ಕದಲ್ಲಿ ಅಲ್ಲ. ಒಂದು ದಿನ ಸಾಕು. ಆಮೇಲೆ ಅದು ನಂದೋ, ನಿಮ್ದೋ, ಯಾರದ್ದೂ ಅಲ್ವೋ, ನೀವೇ ಹೇಳಿ."

ಉತ್ತರದ ಕುರ್ಚಿ ಬಿಡಲು ಸುಗುಣಾಬಾಯಿ ಸುಲಭವಾಗಿ ಒಪ್ಪಲಿಲ್ಲ. "ನಾನು ಇಪ್ಪತ್ತು ವರ್ಷ ಕೂತ ಕುರ್ಚಿ. ಕಾವು ಕೊಟ್ಟು ಇಟ್ಟಿದೀನಿ" ಎಂದು ಗೊಣಗುತ್ತಾ ಪಶ್ಚಿಮಕ್ಕೆ ಹೋದರು. "ಒಂದೇ ದಿನ, ನೆನಪಿರಲಿ." ರಾಯರು, "ನನಗೆ ಈ ಪಾರ್ಟನರ್ರಾ? ದೇವರೇ ಗತಿ" ಎಂದರು. "ನಿಮ್ಮಂಥೋರ ಎದುರಿಗೆ ಕೂತ್ರೆ ಇರೋ ನೆನಪೂ ಹೋಗುತ್ತೆ" ಎಂದು ಆಕೆ ತಿರುಗಿ ಕೊಟ್ಟರು. ಚಹಾ ಬಂತು. ನಾಲ್ಕು ಕಪ್ಪು.

ಅವಳ ಎದುರಿಗೆ ಕೂತಾಗ ತಿಳಿಯಿತು, ಅಚ್ಯುತನನ್ನು ಈ ದಿಕ್ಕಿನಿಂದ ನಾನು ನೋಡಿಯೇ ಇರಲಿಲ್ಲ. ಆ ಕುರ್ಚಿ, ಅದರ ಹಿಂದೆ ಸಂಜೆಯ ಕಿಟಕಿ. ಮನೆಯಲ್ಲಿ ನಾವು ಅಕ್ಕಪಕ್ಕ ಕೂತು ಊಟ ಮಾಡುತ್ತಿದ್ದೆವು.

ನಾನು ಆಡಿದೆ. ತಪ್ಪಲಿಲ್ಲ. ಯಾವ ಎಲೆ ಹೋಗಿದೆ, ಯಾವುದು ಉಳಿದಿದೆ, ಎಲ್ಲ ತಾನಾಗಿ ತಲೆಯಲ್ಲಿ ಜೋಡಿಸಿಕೊಳ್ಳುತ್ತಿತ್ತು. ನಾವು ಗೆದ್ದೆವು, ಮತ್ತೆ ಗೆದ್ದೆವು. ಶಾಲ್ಮಲಾಳ ಕಪ್ಪು ಅವಳ ಬಳಿಯೇ ಇತ್ತು. ಅವಳು ಅದನ್ನು ಕುಡಿಯದೆ ಇಟ್ಟಿದ್ದಳು.

"ಈಕೆ ತಪ್ಪೋದಿಲ್ಲ ಬಿಡಿ" ಎಂದರು ರಾಯರು, ಬೇಸರದಿಂದ.

ಮುಂದಿನ ಆಟದಲ್ಲಿ, ಇಷ್ಟು ಕೈ ಗೆಲ್ಲುತ್ತೇನೆಂಬ ಸವಾಲು ರಾಯರದಾಯಿತು. ಅವರನ್ನು ತಡೆಯುವುದು ನಮ್ಮ ಕೆಲಸ. ಶಾಲ್ಮಲಾ ಇಸ್ಪೀಟ್ ಜಾತಿಯ ಎಕ್ಕ ಹಾಕಿದಳು. ರಾಯರ ಜೋಡಿಯಾದ ಸುಗುಣಾಬಾಯಿ, ಆಟದ ನಿಯಮದಂತೆ, ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ನನ್ನಲ್ಲಿದ್ದ ಒಂದೇ ಇಸ್ಪೀಟು ಅದಕ್ಕೆ ಹೋಯಿತು. ಆಮೇಲೆ ಅವಳು ರಾಜ ಹಾಕಿದಳು. ಎಕ್ಕ ಹೋದ ಮೇಲೆ ರಾಜನನ್ನು ಮೀರಿಸುವ ಇಸ್ಪೀಟಿಲ್ಲ, ಅದು ಗೆಲ್ಲುತ್ತದೆ. ನಾನು ಬೇಡದ ಎಲೆಯೊಂದನ್ನು ಎಸೆದರೆ ಮುಗಿಯಿತು. ಮೊದಲ ಪಾಠ ಅದು. ನನ್ನ ಬೆರಳು ಬೇಡದ ಎಲೆಯ ಮೇಲಿತ್ತು.

ಅದನ್ನು ಬಿಟ್ಟು ತುರುಪು ಎಳೆದೆ. ನಮ್ಮದೇ ಗೆಲುವಿನ ಮೇಲೆ ನಮ್ಮದೇ ತುರುಪು ಹೊಡೆದೆ.

"ಅಮ್ಮಾ" ಎಂದರು ರಾಯರು, "ಅದು ನಿಮ್ಮ ಪಾರ್ಟನರ್ ರಾಜ."

"ಗೊತ್ತು" ಎಂದೆ.

ಶಾಲ್ಮಲಾ ನನ್ನ ಮುಖ ನೋಡುತ್ತಿದ್ದಳು, ತನ್ನ ಕೈಯನ್ನಲ್ಲ. ಅವಳ ಎಡಗೈ ಮೇಜಿನ ಮೇಲೆ ಸರಿದು ಕಪ್ಪನ್ನು ತಲುಪಿತು. ಅಲ್ಲಿ ತಡೆಯಿತು. ಇಲ್ಲೇ ಮುಗಿಯಿತು ಎಂದುಕೊಂಡೆ. ಆಮೇಲೆ ಎರಡು ಬೆರಳುಗಳ ಹಿಂಬದಿ ಕಪ್ಪನ್ನು ಒತ್ತಿತು. ಕಪ್ಪು ಬಂತು. ಬಿಚ್ಚಿಟ್ಟ ಎಲೆಗಳಿಗೆ ತಾಗದೆ, ಒಂದು ಹನಿ ತುಳುಕದೆ, ನನ್ನ ಮುಂದೆ ಬಂದು ನಿಂತಿತು. ತಿರುಗಿತು. ಹಿಡಿ ನನ್ನ ಬಲಗೈಗೆ.

ನಾನು ಹಿಡಿದುಕೊಂಡೆ. ಚಹಾ ಆರಿತ್ತು. ಸಕ್ಕರೆ ಹೆಚ್ಚಾಗಿತ್ತು. ಕುಡಿದೆ.

"ಬೇಕಂತ ಹೊಡೆದ್ರಿ" ಎಂದಳು ಶಾಲ್ಮಲಾ. "ಇನ್ನೊಂದ್ಸಲ ಬೇಕಂತ ಮಾಡಿದ್ರೆ ಚಹಾ ಸಿಗಲ್ಲ. ನಿಮ್ಮೆಜಮಾನರು ಸುಮ್ಮನಿರ್ತಿದ್ರೇನೋ. ನಾನು ಸುಮ್ಮನಿರಲ್ಲ."

ಆ ಮಾತು ಅಚ್ಯುತನದಲ್ಲ. ಕೈ ಅವನದು, ಅದರ ಹಿಂದೆಯೇ ಬಂದ ಮಾತು ಅವಳದು, ಎರಡರ ನಡುವೆ ಗೆರೆ ಕಾಣಲಿಲ್ಲ.

"ಡಾಕ್ಟ್ರೇ" ಎಂದೆ. "ಅವತ್ತು ಸುಳ್ಳು ಹೇಳಿದೆ. ಮನೇಲಿ ಅವನು ಹೀಗಿರಲಿಲ್ಲ."

"ಕೆಟ್ಟದಾಗಿದ್ರಾ?"

"ಇಲ್ಲ. ಇಲ್ಲ." ಹೇಗೆ ಹೇಳಬೇಕೆಂದು ಹುಡುಕಿದೆ. "ಮನೇಲಿ ನಾನು ತಪ್ಪೇ ಮಾಡ್ತಿರಲಿಲ್ಲ."

ಸುಗುಣಾಬಾಯಿ ಅಂದು ನಮ್ಮ ಮನೆಯಲ್ಲಿ ನುಂಗಿಕೊಂಡ ಮಾತು ಬಹುಶಃ ಇದೇ. ಅವರು ತಮ್ಮ ಬಿಚ್ಚಿಟ್ಟ ಎಲೆಗಳನ್ನು ಸುಮ್ಮನೆ ನೇರ ಮಾಡುತ್ತಿದ್ದರು.

ಎಲೆ ಅಡಿಕೆ ತಂದಿದ್ದೆ. ಬುಟ್ಟಿ ಕಾಲಬಳಿ ಇತ್ತು. ತೆಂಗಿನಕಾಯಿಯನ್ನು ಆಟದ ಎಲೆಗಳ ನಡುವೆ ಇಡಲು ಜಾಗವಿರಲಿಲ್ಲ. ರಾಯರು ತಮ್ಮ ಕಪ್ಪು ಎತ್ತಿ ಜಾಗ ಮಾಡಿದರು. ಹೊಟ್ಟೆಯೊಳಗಿನದು ಇನ್ನೂ ಅಲ್ಲೇ ಇತ್ತು. ಅದು ಹೋಗುವ ತನಕ ಕಾಯಬೇಕೆಂದು ಮೊದಲು ಅಂದುಕೊಂಡಿದ್ದೆ. ಅದು ಹೋಗುವುದಿಲ್ಲವೆಂದು ಈಗ ತಿಳಿಯಿತು. ಅದನ್ನು ಇಟ್ಟುಕೊಂಡೇ ಹೇಳಬೇಕು.

"ಇಟ್ಟುಕೊಳ್ಳಿ" ಎಂದೆ.

ಶಾಲ್ಮಲಾ ಎರಡೂ ಕೈಯಲ್ಲಿ ತಾಂಬೂಲ ತೆಗೆದುಕೊಂಡಳು. "ನಮ್ಮಮ್ಮನಿಗೆ ಫೋನ್ ಮಾಡ್ಬೇಕು" ಎಂದಳು.

ಸುಗುಣಾಬಾಯಿ ಅಷ್ಟರಲ್ಲಿ ಎದ್ದು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. "ಆಯ್ತಲ್ಲ? ಏಳಮ್ಮಾ ಇನ್ನು. ಅದು ನನ್ನ ಜಾಗ."

ನಾನು ಎದ್ದೆ. ಆಕೆ ಸೀರೆ ಸರಿಮಾಡಿಕೊಂಡು ಅಚ್ಯುತನ ಎದುರಿಗೇ ಕೂರುವ ಹಾಗೆ ಕೂತರು. ಕೂತು, ಮುಂದಿದ್ದ ಶಾಲ್ಮಲಾಳ ಕಪ್ಪಿನ ಕಡೆ ಕೈ ಚಾಚಿದರು. ಅದನ್ನು ಮಾತ್ರ ನಾನು ಅವರಿಗೆ ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಪಶ್ಚಿಮಕ್ಕೆ ಹೋದೆ.